ಹಗ್ಗ ಬಿಚ್ಚುವ ಮುನ್ನ ಕರೆಯ ಪಾಠ

ಮಂಗಳೂರಿನ ಬೆಂಗ್ರೆಯು ಫಲ್ಗುಣಿ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಚಾಚಿರುವ ಮರಳಿನ ನೆಲಪಟ್ಟಿ. ಇಲ್ಲಿ ನಾಲ್ಕಾರು ಜನ ಕೂಡಿ ತೀರದುದ್ದಕ್ಕೂ ನಡೆಯುವಾಗ ಸಾಕುನಾಯಿಯನ್ನು ಹಗ್ಗವಿಲ್ಲದೆ ಒಯ್ಯುವ ಆಸೆ ಸಹಜ. ಆದರೆ ದಾರಿಯಲ್ಲಿ ಒಣಹಾಕಿದ ಮೀನು, ಬಲೆ, ಬೀದಿನಾಯಿಗಳು ಎದುರಾಗುತ್ತವೆ. 2024ರಲ್ಲಿ ಮಂಗಳೂರಿನ ಕಡಲತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಟ್ಟವು. ಅಂಥ ಗೂಡನ್ನು ಒಂದು ನಾಯಿ ಕೆಲವೇ ನಿಮಿಷಗಳಲ್ಲಿ ಕೆದಕಿ ಹಾಳುಮಾಡಬಲ್ಲದು. ಆದ್ದರಿಂದ ಕರೆದೊಡನೆ ಹಿಂದಿರುಗುವುದನ್ನು ಮನೆಯಲ್ಲಿಯೇ ಕಲಿಸಬೇಕು.

ಕಲಿಸುವ ಕ್ರಮ:

1. ಅಂಗಳದಲ್ಲಿ ‘ಬಾ’ ಎಂಬ ಒಂದೇ ಪದದಿಂದ ಕರೆಯಿರಿ. ಬಂದೊಡನೆ ಮುಳ್ಳು ತೆಗೆದ ಬೇಯಿಸಿದ ಮೀನಿನ ಚೂರು ಕೊಡಿ. ದಿನಕ್ಕೆರಡು ಬಾರಿ, ಪ್ರತಿ ಸಲ 5 ನಿಮಿಷ ಸಾಕು.

2. ಅನಂತರ ಸುಮಾರು 10 ಮೀಟರ್ ಉದ್ದದ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಬಯಲಿನಲ್ಲಿ ಇದೇ ಅಭ್ಯಾಸ ಮಾಡಿಸಿ.

3. ಮನೆಮಂದಿಯೊಡನೆ ನಡೆಸಿ ಗುಂಪಿಗೆ ಒಗ್ಗಿಸಿ. ಕರೆಯುವವರು ಒಬ್ಬರೇ ಇರಲಿ. ಹಲವರು ಕೂಗಿದರೆ ನಾಯಿ ಗೊಂದಲಗೊಳ್ಳುತ್ತದೆ.

4. ತಡವಾಗಿ ಬಂದರೂ ಹೊಡೆಯಬಾರದು. ಬಂದರೆ ಪೆಟ್ಟು ಬೀಳುತ್ತದೆಂದು ಅರಿತ ನಾಯಿ ಮುಂದೆ ಕರೆದರೂ ಬಾರದು.

ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ತಪ್ಪದೆ ಹಾಕಿಸಿ. ಮರಳು ಅಂಗೈಗೆ ಸುಡುವಷ್ಟು ಬಿಸಿಯಿದ್ದರೆ ನಾಯಿಯ ಪಾದವೂ ಸುಡುತ್ತದೆ. ಬೆಳಗಿನ ಹೊತ್ತೇ ಮೇಲು.

ಬೇರೆ ನಾಯಿ, ಮೀನಿನ ವಾಸನೆ ಇದ್ದರೂ ಕರೆದಾಗಲೆಲ್ಲ ಬರುವ ನಾಯಿಯ ಹಗ್ಗವನ್ನು ಮಾತ್ರ ಬಿಚ್ಚಬಹುದು. ಆಮೆಗೂಡಿನ ಬಳಿ, ಮೀನು ಒಣಗಿಸುವಲ್ಲಿ ಎಷ್ಟು ಕಲಿತ ನಾಯಿಯಾದರೂ ಹಗ್ಗ ಕೈಯಲ್ಲೇ ಇರಲಿ.