ವಾಹನದ ನಡುದಂಡ: ಕಂಪನ ಮತ್ತು ಕೋನಸಾಮ್ಯ

ಎತ್ತಿನ ಬಂಡಿಯ ಅಚ್ಚು ತಿರುಗದು, ಗಾಲಿಯೊಂದೇ ತಿರುಗುವುದು. ಮೋಟಾರು ವಾಹನದ ರೀತಿ ಬೇರೆ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಭಕ್ತರನ್ನು ಹೊತ್ತು ಬರುವ, ಎಂಜಿನ್ನು ಮುಂದಿರುವ ಬಸ್ಸಿನಲ್ಲಿ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿನ ಡಿಫರೆನ್ಷಿಯಲ್‌ವರೆಗೆ ಉಕ್ಕಿನ ಕೊಳವೆಯೊಂದು ತಿರುಗುತ್ತಿರುತ್ತದೆ. ಕುಶಲಕರ್ಮಿಗಳು ಪ್ರೊಪೆಲ್ಲರ್ ಷಾಫ್ಟ್ ಎನ್ನುವ ಇದನ್ನು ನಡುದಂಡವೆನ್ನಬಹುದು. ರಸ್ತೆಯ ಹಳ್ಳದಿಣ್ಣೆಗಳಲ್ಲಿ ಅಚ್ಚು ಏರಿಳಿಯುವುದರಿಂದ ದಂಡದ ತುದಿಗಳಲ್ಲಿ ಬಾಗುವ ಕೀಲುಗಳಿರಬೇಕು. ಬಂಡಿಯ ಕಡೆಗೀಲು ಹಿಡಿದಿಡುವಂಥದು. ಈ ಕೀಲು ಬಾಗಿಯೂ ತಿರುಗಿಸುವಂಥದು. 16ನೆಯ ಶತಮಾನದ ಇಟಲಿಯ ಕಾರ್ಡಾನೋ, 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿವೆ.

ಬಾಗಿದ ಕೀಲು ವೇಗವನ್ನು ಸಮವಾಗಿ ದಾಟಿಸದು. 10 ಡಿಗ್ರಿ ಬಾಗಿರುವಾಗ ಒಂದು ಕಡೆ ನಿಮಿಷಕ್ಕೆ 1000 ಸುತ್ತು ಏಕರೀತಿಯಾಗಿ ತಿರುಗಿದರೆ, ಮತ್ತೊಂದು ಕಡೆಯ ವೇಗ ಸುಮಾರು 985ಕ್ಕೆ ಇಳಿದು 1015ಕ್ಕೆ ಏರುತ್ತದೆ. ಒಂದೊಂದು ಸುತ್ತಿಗೂ ಎರಡೆರಡು ಬಾರಿ ಹೀಗಾಗುವುದು. ಹಿಂದಿನ ಕೀಲೂ ಅಷ್ಟೇ ಬಾಗಿದ್ದು, ದಂಡದ ಎರಡು ತುದಿಯ ಕವಲುಗಳೂ ಒಂದೇ ಸಮತಲದಲ್ಲಿದ್ದರೆ ಮೊದಲನೆಯದರ ಏರಿಳಿತವನ್ನು ಎರಡನೆಯದು ಅಳಿಸುವುದು. ಆದುದರಿಂದ ಬಾಗು ದೋಷವಲ್ಲ. ಬಾಗುಗಳ ಅಸಮತೆಯೇ ದೋಷ. ದಂಡ ತೀರ ನೆಟ್ಟಗಿದ್ದರೆ ಲೇಸೆಂಬುದೂ ಭ್ರಮೆ. ಕೋನವೇ ಇಲ್ಲದಿದ್ದರೆ ಕೀಲಿನೊಳಗಿನ ಸೂಜಿಯಂಥ ಉರುಳೆಗಳು ಉರುಳದೆ ಒಂದೆಡೆಯೇ ಒತ್ತಿ ಗುಳಿ ಮಾಡುತ್ತವೆ.

ಕಂಪನವನ್ನು ಉಪೇಕ್ಷಿಸಬಾರದು. ಓಟದಲ್ಲಿ ಮುಂದಿನ ಕೀಲು ಮುರಿದರೆ ದಂಡದ ತುದಿ ನೆಲಕ್ಕೆ ನಾಟಿ ವಾಹನವನ್ನೇ ಎತ್ತಿಬಿಡಬಹುದು. ಮೊದಲು ಮೂಲವನ್ನು ವಿಂಗಡಿಸಬೇಕು. ನಿರ್ಜನವಾದ ಸಮರಸ್ತೆಯಲ್ಲಿ, ನಡುಕ ತೋರುವ ವೇಗದಲ್ಲಿಯೇ ಗೇರು ಬದಲಿಸಿ ನಡೆಸಿದಾಗ ನಡುಕ ಮಾಯವಾದರೆ ಸಂಶಯ ಎಂಜಿನ್ನಿನ ಮೇಲೆ; ಹಾಗೆಯೇ ಉಳಿದರೆ ದಂಡ ಅಥವಾ ಗಾಲಿಯ ಮೇಲೆ. ದಂಡವು ಗಾಲಿಗಿಂತ ಹಲವು ಪಟ್ಟು ಬೇಗ ತಿರುಗುವುದರಿಂದ ಅದರ ನಡುಕ ಗುಂಯ್‌ಗುಡುತ್ತದೆ. ಗಾಲಿಯದು ನಿಧಾನವಾದ ಕುಲುಕಾಟ. ಬಳಿಕ ಕೀಲಿನ ಸಡಿಲು, ಕೊಳವೆಯ ತಗ್ಗು, ಉದುರಿದ ಸಮತೂಕದ ತುಂಡು ಇವನ್ನು ನೋಡಬೇಕು. ಇವೆಲ್ಲ ಸರಿಯಿದ್ದರೆ ಕೋನದ ವಿಚಾರ.

ಅಳೆಯುವಾಗ ವಾಹನವು ಸಮನೆಲದ ಮೇಲೆ, ತನ್ನ ಗಾಲಿಗಳ ಮೇಲೆಯೇ, ವಾಡಿಕೆಯ ಭಾರದೊಡನೆ ನಿಂತಿರಬೇಕು. ಜಾಕಿನ ಮೇಲೆ ಅಚ್ಚು ಜೋತುಬಿದ್ದಿರುವಾಗ ತೆಗೆದ ಅಳತೆ ನಿರರ್ಥಕ. ಗೇರುಪೆಟ್ಟಿಗೆ ಹಿಂದಕ್ಕೆ 4 ಡಿಗ್ರಿ ಇಳಿಜಾರಾಗಿದೆ, ದಂಡ 7 ಡಿಗ್ರಿ, ಡಿಫರೆನ್ಷಿಯಲ್‌ನ ಮೂತಿಯ ರೇಖೆ 6 ಡಿಗ್ರಿ ಎಂದಿಟ್ಟುಕೊಂಡರೆ, ಮುಂದಿನ ಕೋನ 3, ಹಿಂದಿನದು ಕೇವಲ 1. ಮೂತಿಯನ್ನು 2 ಡಿಗ್ರಿ ತಗ್ಗಿಸಿದರೆ ಎರಡೂ ಸಮವಾಗುವುವು. ಕಮಾನುಪಟ್ಟಿಗೂ ಅಚ್ಚಿಗೂ ನಡುವೆ ಇಳಿಜಾರಾದ ಬೆಣೆಯಿಟ್ಟು ಇದನ್ನು ಸಾಧಿಸುತ್ತಾರೆ. ಪಟ್ಟಿ ಬದಲಿಸುವಾಗ ಹಳೆಯ ಬೆಣೆಯನ್ನು ಮರಳಿ ಇಡಲು ಮರೆಯುವುದರಿಂದಲೂ, ಗೇರುಪೆಟ್ಟಿಗೆಯ ಕೆಳಗಿನ ರಬ್ಬರು ಕುಸಿಯುವುದರಿಂದಲೂ ಕೋನ ಕೆಡುವುದುಂಟು. ಆದುದರಿಂದ ಹೊಸ ಬೆಣೆಗೆ ಮೊದಲು ರಬ್ಬರನ್ನು ನೋಡುವುದು ಉಚಿತ.

ದಂಡವನ್ನು ಕಳಚುವ ಮುನ್ನ ಜೋಡಣೆಯ ಎರಡು ಭಾಗಗಳಿಗೂ ಸುಣ್ಣದ ಗುರುತು ಹಾಕಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೂ ಕವಲುಗಳ ಸಮತಲ ಕೆಟ್ಟು, ಕೋನ ಸರಿಯಿದ್ದೂ ನಡುಕ ಮರಳುವುದು.