ಕಂಪ್ಯೂಟರ್ ತಾನಾಗಿ ಆರಿದರೆ ಎಲ್ಲಿಂದ ಹುಡುಕಬೇಕು?

ನಾನು ಕಾಮರ್ಸ್ ವಿದ್ಯಾರ್ಥಿನಿ. ಕರೆಂಟಿನ ಪಾಠ ಎಸೆಸೆಲ್ಸಿಗೇ ಮುಗಿಯಿತು ಎಂದುಕೊಂಡಿದ್ದೆ. ಆದರೆ ಮನೆಯಲ್ಲಿ ನಾವೇ ಜೋಡಿಸಿದ ಒಂದು ಕಂಪ್ಯೂಟರ್ ನನಗೆ ಆ ಪಾಠವನ್ನು ಮತ್ತೆ ಓದಿಸಿತು. ಜೊತೆಗೆ ಅಕೌಂಟೆನ್ಸಿಯ ಒಂದು ಅಧ್ಯಾಯವನ್ನೂ ಸರಿಯಾಗಿ ಅರ್ಥ ಮಾಡಿಸಿತು. ನಿಮ್ಮಲ್ಲೂ ಹಲವರ ಮನೆಯಲ್ಲಿ ಹೀಗೆ ಜೋಡಿಸಿದ ಕಂಪ್ಯೂಟರ್ ಇರಬಹುದು. ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಟ್ಟೂರಿನಲ್ಲಿದೆ. ಅಮ್ಮಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರು ಕೂಡಿಟ್ಟ ಹಣದಲ್ಲಿ ಕಂಪ್ಯೂಟರಿನ ಒಂದೊಂದೇ ಭಾಗ ತಂದೆವು. ಮದರ್‌ಬೋರ್ಡ್ ಮತ್ತು ಪ್ರೊಸೆಸರನ್ನು ಮಾಮು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದುಕೊಟ್ಟರು. ಕ್ಯಾಬಿನೆಟ್, ಹಾರ್ಡ್ ಡಿಸ್ಕ್ ಮತ್ತು ಎಸ್‌ಎಂಪಿಎಸ್ ಹರಪನಹಳ್ಳಿಯ ಒಂದು ಅಂಗಡಿಯಿಂದ ಬಂದವು. ಮಾನಿಟರ್ ಹಗರಿಬೊಮ್ಮನಹಳ್ಳಿಯಲ್ಲಿ ಮುಚ್ಚಿದ ಒಂದು ಇಂಟರ್ನೆಟ್ ಸೆಂಟರಿನದು. ಕೀಬೋರ್ಡ್ ಹಡಗಲಿಯ ಖಾಲಾ ಕೊಟ್ಟದ್ದು. ಮೊದಲ ಸಲ ಪರದೆ ಬೆಳಗಿದಾಗ ಅಬ್ಬಾ ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಒಂದು ತಿಂಗಳ ನಂತರ ತೊಂದರೆ ಶುರುವಾಯಿತು. ತಮ್ಮನ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಗ ಕಂಪ್ಯೂಟರ್ ತಟ್ಟನೆ ಆರಿತು. ಮತ್ತೆ ಹಾಕಿದೆ, ಹತ್ತು ನಿಮಿಷಕ್ಕೆ ಮತ್ತೆ ಆರಿತು. ಒಂದು ದಿನ ಎರಡು ತಾಸು ಓಡಿದರೆ, ಇನ್ನೊಂದು ದಿನ ಐದು ನಿಮಿಷವೂ ಇಲ್ಲ. ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಎಸ್‌ಎಂಪಿಎಸ್ ಹೋಗಿದೆ."

ನಾನೂ ಅದನ್ನೇ ನಂಬಿದೆ. ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಹರಪನಹಳ್ಳಿಗೆ ಒಯ್ದೆವು. ಅಂಗಡಿಯ ಅಣ್ಣ ಒಂದು ತಾಸು ಓಡಿಸಿ ನೋಡಿ, "ನೋಡು ತಂಗಿ, ಇಲ್ಲಿ ಚೆನ್ನಾಗೇ ಓಡ್ತೈತಿ, ಇದರಾಗ ಏನೂ ದೋಷ ಇಲ್ಲ" ಎಂದರು. ನನಗೆ ಸಿಟ್ಟು ಬಂತು. ಬೇರೆ ಗಿರಾಕಿಗಳ ಎದುರೇ, "ಕೆಟ್ಟದ್ದನ್ನು ಕೊಟ್ಟು ಈಗ ಸುಳ್ಳು ಹೇಳ್ತೀರಿ" ಎಂದುಬಿಟ್ಟೆ. ಅವರು ಬೇಡ ಎಂದರೂ ಕೇಳದೆ ಒಂಬೈನೂರು ರೂಪಾಯಿ ಕೊಟ್ಟು ಹೊಸ ಎಸ್‌ಎಂಪಿಎಸ್ ತಂದೆ. ಮನೆಯಲ್ಲಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ಮತ್ತೆ ಆರಿತು.

ತಾಳೆಪಟ್ಟಿ ಹೇಳಿದ ಪಾಠ

ಆ ವಾರ ನಾನು ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿಯ ಲೆಕ್ಕ ಮಾಡುತ್ತಿದ್ದೆ. ಎರಡು ಬದಿಯ ಮೊತ್ತ ತಾಳೆಯಾಗದಿದ್ದರೆ ನಾವೇನು ಮಾಡುತ್ತೇವೆ? ಕಣ್ಣಿಗೆ ಬಿದ್ದ ಖಾತೆಯನ್ನು ಹೊಡೆದುಹಾಕುವುದಿಲ್ಲ. ಮೊದಲು ಕೂಡಿದ್ದು ಸರಿಯೇ ನೋಡುತ್ತೇವೆ, ಆಮೇಲೆ ಖಾತೆಯ ಬಾಕಿಗಳನ್ನು, ಆಮೇಲೆ ಜರ್ನಲ್ ನಮೂದುಗಳನ್ನು. ಒಂದು ಖಾತೆಯನ್ನು ತಿದ್ದಿದ ಮೇಲೂ ವ್ಯತ್ಯಾಸ ಅಷ್ಟೇ ಉಳಿದಿದ್ದರೆ, ತಪ್ಪು ಅಲ್ಲಿ ಇರಲಿಲ್ಲ ಎಂದೇ ಅರ್ಥ.

ಎಸ್‌ಎಂಪಿಎಸ್ ಬದಲಿಸಿದ ಮೇಲೂ ದೋಷ ಹಾಗೆಯೇ ಇತ್ತು. ಅಂಗಡಿಯಲ್ಲಿ ಅದೇ ಯಂತ್ರ ಒಂದು ತಾಸು ಓಡಿತ್ತು. ಈ ಎರಡನ್ನೂ ಒಟ್ಟಿಗೆ ಓದಿದರೆ ಉತ್ತರ ಸ್ಪಷ್ಟ: ದೋಷ ಕಂಪ್ಯೂಟರಿನಲ್ಲಿ ಇರಲಿಲ್ಲ, ನಮ್ಮ ಮನೆಯಲ್ಲಿತ್ತು. ಆ ಅಣ್ಣ ಹೇಳಿದ ಮಾತೇ ನನಗೆ ಬೇಕಾದ ಸುಳಿವು. ನಾನು ಅದನ್ನು ಸುಳ್ಳು ಎಂದು ಎಣಿಸಿದ್ದೆ.

ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಜರ್ನಲ್ ಬರೆದಂತೆ ಬರೆದೆ: ದಿನಾಂಕ, ಹೊತ್ತು, ಆಗ ಮನೆಯಲ್ಲಿ ಏನೇನು ನಡೆಯುತ್ತಿತ್ತು. ಮೂರನೆಯ ದಿನ ಅಮ್ಮಿ ಆ ಪುಸ್ತಕ ನೋಡಿ ನಕ್ಕರು. "ಇದನ್ನು ಬರೆಯೋದು ಯಾಕೆ ಬೇಟಿ? ನಾನು ಇಸ್ತ್ರಿ ಹಾಕಿದಾಗಲೇ ನಿನ್ನ ಡಬ್ಬಾ ಆರುತ್ತೆ" ಎಂದರು. ನೋಡಿದರೆ ಪ್ರತಿ ನಮೂದಿನಲ್ಲೂ ಇಸ್ತ್ರಿ ಇತ್ತು. ಇಸ್ತ್ರಿ ಪೆಟ್ಟಿಗೆ ಬಿಸಿಯಾದ ಮೇಲೆ ಅದರ ಥರ್ಮೋಸ್ಟಾಟ್ ತಾನಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೊಡುತ್ತದೆ. ಅದರ ಕೆಂಪು ದೀಪ ಹತ್ತಿದ ಗಳಿಗೆಯಲ್ಲೇ ಕಂಪ್ಯೂಟರ್ ಆರುತ್ತಿತ್ತು. ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಅಬ್ಬಾ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಬೋರ್ಡನ್ನು ತಿರುಗಿಸಿ ತೋರಿಸಿದರು. ಒಂದು ಮೂಲೆಯ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು.

ಒಳಗೆ ನಡೆದದ್ದೇನು?

ಗೋಡೆಯಿಂದ ಬರುವುದು 230 ವೋಲ್ಟಿನ ಎಸಿ ಕರೆಂಟ್. ಅದು ಸೆಕೆಂಡಿಗೆ 50 ಆವರ್ತನೆ ಮಾಡುತ್ತದೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡ್ಡಗಳ ಗಾಳಿಯಂತ್ರದಿಂದ ಬರಲಿ, ತುಂಗಭದ್ರಾ ಅಣೆಕಟ್ಟಿನಿಂದ ಬರಲಿ, ಮನೆಗೆ ಬರುವಾಗ ಅದರ ರೂಪ ಇದೇ. ಆದರೆ ಕಂಪ್ಯೂಟರಿನ ಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿಸಿ ಕರೆಂಟ್. ಈ ಬದಲಾವಣೆ ಮಾಡುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಬೇರೆ ಬೇರೆ ಕಂಪನಿಯ ಭಾಗಗಳು ಒಂದಕ್ಕೊಂದು ಹೊಂದುವಂತೆ ಎಟಿಎಕ್ಸ್ ಎಂಬ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಹೀಗಾಗಿಯೇ ನಾಲ್ಕು ಊರಿನ ಭಾಗಗಳು ನಮ್ಮ ಮನೆಯಲ್ಲಿ ಕೂಡಿ ಕೆಲಸ ಮಾಡುತ್ತವೆ.

1000 ವಾಟಿನ ಇಸ್ತ್ರಿ ಪೆಟ್ಟಿಗೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ನಮ್ಮಂಥ ಸಾದಾ ಕಂಪ್ಯೂಟರ್ 150 ವಾಟ್ ಎಳೆದರೂ ಒಂದು ಆಂಪಿಯರ್ ಆಗುವುದಿಲ್ಲ. ಬೋರ್ಡಿನೊಳಗೆ ಒಂದು ವೈರ್ ಸಡಿಲಾಗಿ ಅಲ್ಲಿ 5 ಓಂ ತಡೆ ಹುಟ್ಟಿತು ಎಂದುಕೊಳ್ಳಿ. 4 ಆಂಪಿಯರ್ ಹರಿದಾಗ ಅಲ್ಲೇ 20 ವೋಲ್ಟ್ ನಷ್ಟ. 20ನ್ನು 4ರಿಂದ ಗುಣಿಸಿದರೆ 80 ವಾಟ್ ಶಾಖ, ಅದೂ ಪ್ಲಾಸ್ಟಿಕ್ಕಿನ ಒಳಗೆ. ಬಿಸಿಯಾದಷ್ಟೂ ಸಂಪರ್ಕ ಇನ್ನೂ ಸಡಿಲವಾಗುತ್ತದೆ, ಕಿಡಿ ಹಾರುತ್ತದೆ, ಕರೆಂಟ್ ಕ್ಷಣಕಾಲ ತುಂಡಾಗುತ್ತದೆ.

ಹಾಗೆ ತುಂಡಾದಾಗ ಬಲ್ಬು ಒಮ್ಮೆ ಮಿನುಗುತ್ತದೆ, ಅಷ್ಟೇ. ಆದರೆ ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಕಂಪ್ಯೂಟರನ್ನು ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ಹಿಡಿಯಬಲ್ಲದು. ಅದು ಕರೆಂಟಿನ ಒಂದು ಆವರ್ತನೆಗಿಂತಲೂ ಕಡಿಮೆ ಹೊತ್ತು. ಹಾಗಾಗಿ ಕಂಪ್ಯೂಟರ್ ಆರುವುದು ಮನೆಯ ವೈರಿಂಗ್ ಕೊಡುವ ಎಚ್ಚರಿಕೆಯೂ ಆಗಿರಬಹುದು. ಕಂಪ್ಯೂಟರ್ ಇರದಿದ್ದರೆ ಆ ಬೋರ್ಡು, ಬಟ್ಟೆಯ ರಾಶಿಯ ಪಕ್ಕದಲ್ಲಿ, ಇನ್ನೆಷ್ಟು ದಿನ ಕರಗುತ್ತಿತ್ತೋ. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಹುಡುಕುವ ಕ್ರಮ

ಇದರಿಂದ ನಾನು ಕಲಿತ ಕ್ರಮ ಇದು. ಗೋಡೆಯಿಂದ ಶುರು ಮಾಡಿ ಒಳಗೆ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ.

1. ಗೋಡೆಯ ಸಾಕೆಟ್. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಗೆ ಹಾಕಿ. ಸಾಧ್ಯವಾದರೆ ಬೇರೆ ಮನೆಯಲ್ಲೂ ಓಡಿಸಿ ನೋಡಿ. ಅಲ್ಲಿ ಓಡಿದರೆ ದೋಷ ನಿಮ್ಮ ಮನೆಯ ಕಡೆಯದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಾಗಿ ಮಾಡಬೇಡಿ. ಅರ್ಥ್ ಇಲ್ಲದ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡಿನಲ್ಲಿಡಿ. ಸಾದಾ ಮೋಡಿನಲ್ಲಿ ಕರೆಂಟ್ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಬಹುದು.

2. ಹಿಂದಿನ ಸ್ವಿಚ್. ಎಸ್‌ಎಂಪಿಎಸ್ ಹಿಂದೆ ಸೊನ್ನೆ ಮತ್ತು ಗೆರೆ ಬರೆದ ಸ್ವಿಚ್ ಇದ್ದರೆ ಗೆರೆಯ ಕಡೆ ಒತ್ತಿರಬೇಕು. ಹಳೆಯ ಡಬ್ಬಿಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ನಮ್ಮಲ್ಲಿ ಅದು ಯಾವಾಗಲೂ 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಹಾಕಿದರೆ ಒಳಗಿನ ಭಾಗ ಸಿಡಿಯುತ್ತದೆ.

3. ಮದರ್‌ಬೋರ್ಡಿನ ಸಣ್ಣ ದೀಪ. ಹಲವು ಬೋರ್ಡುಗಳಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ ಒಂದು ಚಿಕ್ಕ ದೀಪ ಉರಿಯುತ್ತದೆ. ನೇರಳೆ ಬಣ್ಣದ ವೈರಿನ 5 ವೋಲ್ಟ್ ಬರುತ್ತಿದೆ ಎಂಬುದರ ಗುರುತು ಅದು. ದೀಪ ಇದ್ದೂ ಬಟನ್ ಒತ್ತಿದರೆ ಏನೂ ಆಗದಿದ್ದರೆ, ಬಟನ್ನಿನ ಸಣ್ಣ ವೈರ್ ಸರಿಯಾದ ಪಿನ್ನಿನಲ್ಲಿದೆಯೇ ನೋಡಿ.

4. ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಹಾಕಿದೆಯೇ ನೋಡಿ. ಹೊಸಬರು ಮರೆಯುವುದು ಅದನ್ನೇ. ಮದರ್‌ಬೋರ್ಡಿನ ಅಡಿಯಲ್ಲಿ ಬಿದ್ದ ಒಂದು ಸ್ಕ್ರೂ ಕೂಡ ಶಾರ್ಟ್ ಮಾಡಬಲ್ಲದು. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು ಮತ್ತೆ ಕೂರಿಸಿ.

5. ಎಸ್‌ಎಂಪಿಎಸ್ ಪರೀಕ್ಷೆ. ಇದನ್ನು ತಿಳಿದವರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. ನಾನು ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ ಸರ್ ಎದುರು ಮಾಡಿದೆ. ಮೊದಲು ಪ್ಲಗ್ ಕಿತ್ತು, ಎಲ್ಲ ಕನೆಕ್ಟರ್‌ಗಳನ್ನು ಕಂಪ್ಯೂಟರಿನಿಂದ ಬಿಡಿಸಿ, ಡಬ್ಬಿಯನ್ನು ಮರದ ಮೇಜಿನ ಮೇಲಿಡಿ. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರಿನ ಪಿನ್ನಿಗೂ ಒಂದು ಕಪ್ಪು ವೈರಿನ ಪಿನ್ನಿಗೂ ಒಂದು ತಂತಿ ಸೇರಿಸಿ. ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗಿದರೆ ಜೀವ ಇದೆ ಎಂದಷ್ಟೇ ಅರ್ಥ, ಆರೋಗ್ಯ ಇದೆ ಎಂದಲ್ಲ. ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಕಪ್ಪು ವೈರಿಗೆ ಹೋಲಿಸಿ ಅಳೆಯಬೇಕು. ಶೇಕಡಾ 5ರಷ್ಟು ಹೆಚ್ಚು ಕಡಿಮೆಯನ್ನು ಒಪ್ಪಬಹುದು. ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟ್ ಒಳಗಿರಬೇಕು. ನಮ್ಮ ಹಳೆಯ ಡಬ್ಬಿಯ ಮೂರೂ ಅಂಕಿಗಳು ಸರಿಯಾಗಿದ್ದವು. ಕೆಲವು ಬ್ರ್ಯಾಂಡೆಡ್ ಆಫೀಸ್ ಕಂಪ್ಯೂಟರುಗಳ ಕನೆಕ್ಟರ್ ಬೇರೆ ಥರ ಇರುತ್ತದೆ. ಈ ಬಣ್ಣದ ಲೆಕ್ಕವನ್ನು ಅವುಗಳ ಮೇಲೆ ಪ್ರಯೋಗಿಸಬೇಡಿ.

6. ಲೇಬಲ್ ಓದುವುದು. ಇದು ನಮ್ಮಂಥ ಕಾಮರ್ಸ್‌ನವರಿಗೆ ಸುಲಭ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್ ಎಂದಿರಬಹುದು. ಅದನ್ನು ಒಟ್ಟು ಲಾಭ ಎಂದುಕೊಳ್ಳಿ, ನಿವ್ವಳ ಲಾಭ ಬೇರೆ. ಲೇಬಲ್ಲಿನ ಪಟ್ಟಿಯಲ್ಲಿ 12 ವೋಲ್ಟಿನ ಸಾಲು ನೋಡಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ನ್ನು 16ರಿಂದ ಗುಣಿಸಿ: 192 ವಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ ಬಳಸುವುದು ಈ 12 ವೋಲ್ಟನ್ನೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಯಂತ್ರಕ್ಕೆ ಅಷ್ಟು ಸಾಕು. ದೊಡ್ಡ ಕಾರ್ಡ್ ಹಾಕಿ ಆಟ ಶುರು ಮಾಡಿದೊಡನೆ ಕಂಪ್ಯೂಟರ್ ಆರಿದರೆ ಕಾರಣ ಇಲ್ಲಿರಬಹುದು.

ಇದನ್ನು ಮಾತ್ರ ಮಾಡಬೇಡಿ

ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯುತ್ತದೆ, ಜೀವ ತೆಗೆಯುವಷ್ಟು. ಸುಟ್ಟ ಸಾಕೆಟ್ ಕಂಡರೆ ಟೇಪ್ ಸುತ್ತಿ ಮತ್ತೆ ಬಳಸಬೇಡಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಇವನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ.

ನಮ್ಮ ಮನೆಯಲ್ಲಿ ಹಳೆಯ ಬೋರ್ಡನ್ನು ಎಸೆದೆವು. ಇಸ್ತ್ರಿಗೆ ಬೇರೆ ಸಾಕೆಟ್ ಹಾಕಿಸಿದೆವು. ಮೊದಲಿನ ಎಸ್‌ಎಂಪಿಎಸ್ಸನ್ನೇ ಮರಳಿ ಜೋಡಿಸಿದೆ. ಅಂದಿನಿಂದ ಅದು ಒಮ್ಮೆಯೂ ಆರಿಲ್ಲ. ತಮ್ಮನ ಅರ್ಜಿ ಕೊನೆಯ ದಿನಕ್ಕೆ ಮೊದಲೇ ಹೋಯಿತು.

ಉಳಿದದ್ದು ಒಂದು ಕೆಲಸ. ಅಬ್ಬಾ ಹೇಳಿದರು: "ನಾಲ್ಕು ಜನರ ಎದುರು ಅಂದಿದ್ದನ್ನು ಫೋನಿನಲ್ಲಿ ಹಿಂತೆಗೆದುಕೊಳ್ಳೋಕೆ ಆಗಲ್ಲ." ಇಬ್ಬರೂ ಹರಪನಹಳ್ಳಿಗೆ ಹೋದೆವು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಎದುರೇ, "ಅಣ್ಣಾ, ತಪ್ಪು ನಮ್ಮ ಮನೆಯ ಬೋರ್ಡಿನದು, ನಾನು ನಿಮ್ಮನ್ನು ಅಂದೆ, ಮಾಫ್ ಮಾಡಿ" ಎಂದೆ. ಅವರು ಹೊಸ ಎಸ್‌ಎಂಪಿಎಸ್ ತಿರುಗಿಸಿ ನೋಡಿ, "ಡಬ್ಬಿ ಒಡೆದೀರಿ, ನೂರು ಹಿಡೀತೀನಿ" ಎಂದು ಎಂಟುನೂರು ವಾಪಸ್ ಕೊಟ್ಟರು. ಆಮೇಲೆ ನಕ್ಕು, "ಇಸ್ತ್ರಿ ವಿಚಾರ ನನಗೂ ಹೊಳೆದಿರಲಿಲ್ಲ ತಂಗಿ" ಎಂದರು.

ಆ ನೂರು ರೂಪಾಯಿಯನ್ನು ನನ್ನ ನೋಟ್‌ಬುಕ್ಕಿನಲ್ಲಿ ನಷ್ಟದ ಖಾತೆಗೆ ಬರೆದಿದ್ದೇನೆ. ವಿವರಣೆಯ ಜಾಗದಲ್ಲಿ ಹೀಗಿದೆ: ಪರೀಕ್ಷಿಸುವ ಮೊದಲೇ ಒಬ್ಬರನ್ನು ತಪ್ಪಿತಸ್ಥ ಎಂದದ್ದಕ್ಕೆ.