ಪಲ್ಲವಿಗಾದರೂ ಸೇರಿಕೊಳ್ಳಿ

ಮರಳವಾಡಿ ಕಡೆಯ ಹಳ್ಳಿಗಳಿಂದ ಹೊಸದಾಗಿ ಪ್ರಾರ್ಥನೆಗೆ ಬರುವವರು ಮೊದಲ ಒಂದೆರಡು ವಾರ ಹಿಂದೆ ಗೋಡೆಗೊರಗಿ ಕೂರುತ್ತಾರೆ. ಹಾಡು ಶುರುವಾದರೆ ತುಟಿ ಆಡುತ್ತದೆ, ದನಿ ಬರುವುದಿಲ್ಲ. ಆಮೇಲೆ ಹೊರಗೆ ಚಪ್ಪಲಿ ಮೆಟ್ಟುವಾಗ ಕೇಳುತ್ತಾರೆ: "ಮನಸ್ಸಿನಲ್ಲಿ ಅಂದುಕೊಂಡರೂ ದೇವರಿಗೆ ಕೇಳಿಸುತ್ತಲ್ಲ ಮೇಷ್ಟ್ರೇ, ಬಾಯಿಬಿಟ್ಟು ಯಾಕೆ ಹಾಡಬೇಕು?"

ದೇವರಿಗೆ ಕೇಳಿಸುತ್ತದೆ, ನಿಜ. ಪಕ್ಕದಲ್ಲಿ ಕೂತವರಿಗೆ ಕೇಳಿಸುವುದಿಲ್ಲವಲ್ಲ.

ನಾವು ಗಳಿಗೆಗೊಮ್ಮೆ ಹೇಳುವ 'ಹಲ್ಲೆಲೂಯಾ' ಪದವನ್ನೇ ಬಿಡಿಸಿ ನೋಡಿ. ಅದು ಹೀಬ್ರೂ ಮಾತು. 'ಹಲ್ಲೆಲೂ' ಎಂದರೆ ಸ್ತುತಿಸಿರಿ. 'ಯಾ' ಎಂಬುದು ಯೆಹೋವ ಎಂಬ ಹೆಸರಿನ ಮೊಟಕು ರೂಪ. 'ಸ್ತುತಿಸುತ್ತೇನೆ' ಅಲ್ಲ, 'ಸ್ತುತಿಸು' ಕೂಡ ಅಲ್ಲ, ಬಹುವಚನ. 'ಬನ್ರಪ್ಪಾ ಊಟಕ್ಕೆ' ಎಂದು ಜಗಲಿಯಿಂದ ಕೂಗಿದ ಹಾಗೆ. ಒಬ್ಬರೇ ಕೋಣೆಯಲ್ಲಿ ಕೂತು ಹೇಳಿದರೂ ಆ ಪದ ಮಿಕ್ಕವರನ್ನು ಕರೆಯುತ್ತಲೇ ಇರುತ್ತದೆ. ಕೀರ್ತನೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ 117ನೆಯದಕ್ಕೆ ಇರುವುದು ಎರಡೇ ವಚನ. ಅಷ್ಟರಲ್ಲೇ ಅದು ಲೋಕದ ಜನಾಂಗಗಳನ್ನೆಲ್ಲ ಕರೆದುಬಿಡುತ್ತದೆ.

136ನೆಯ ಕೀರ್ತನೆ ತೆರೆದರೆ ನಿಮಗೆ ಗುರುತು ಸಿಕ್ಕೀತು. 26 ವಚನಗಳು, ಪ್ರತಿಯೊಂದರ ಕೊನೆಯಲ್ಲೂ ಅದೇ ಮಾತು ಮರಳಿ ಬರುತ್ತದೆ. ನಮ್ಮ ಮದುವೆಮನೆಯ ಸೋಬಾನೆ ನೆನಪಿಗೆ ಬರಲಿಲ್ಲವೇ? ಒಬ್ಬಾಕೆ ಸಾಲು ಎತ್ತುತ್ತಾಳೆ, ಮಿಕ್ಕವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಹಿಡಿಯುವವರು ಸುಮ್ಮನಾದರೆ ಎತ್ತಿದವಳ ಗತಿ ಏನು?

ಹಾಗಂತ ಸ್ತುತಿ ಎಂದರೆ ಸಂತೋಷದವರ ಕೆಲಸ ಎಂದುಕೊಳ್ಳಬೇಡಿ. 150 ಕೀರ್ತನೆಗಳ ಆ ಪುಸ್ತಕಕ್ಕೆ ಹೀಬ್ರೂವಿನಲ್ಲಿ 'ಸ್ತುತಿಗಳು' ಎಂದೇ ಹೆಸರು. ಒಳಗೆ ನೋಡಿದರೆ ಎಷ್ಟೋ ಬರೀ ಅಳು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಆ ಅಳುವನ್ನೂ ಹಿಂದಿನವರು ಒಟ್ಟಿಗೆ ಕೂತು ಹಾಡಿದರು. ಹುಳು ಸತ್ತು ಗೂಡು ಕೈಗೆ ಹತ್ತದ ವಾರ ಪ್ರಾರ್ಥನೆಗೆ ಬರಲು ನಾಚಿಕೊಳ್ಳುವ ರೇಷ್ಮೆ ರೈತರಿಗೆ ನಾನು ಇದನ್ನೇ ಹೇಳುವುದು. ಆ ವಾರ ನಿಮ್ಮ ಬದಲು ಪಕ್ಕದವರು ಹಾಡಲಿ, ನೀವು ಕೂತರೆ ಸಾಕು.

ಕನ್ನಡದಲ್ಲಿ ಹೀಗೆ ಹಾಡುವ ಭಾಗ್ಯ ಎಲ್ಲರಿಗೂ ಮೊದಲಿನಿಂದ ಇದ್ದದ್ದಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆ ಹಳೆಯ ಕ್ರೈಸ್ತ ಊರು. ಯೇಸುವಿನ ಪಾಡನ್ನು ಊರವರೇ ನಾಟಕವಾಗಿ ಆಡುತ್ತಾ ಬಂದಿದ್ದಾರೆ. ಆದರೆ ಕಥೋಲಿಕರ ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಕಟ್ಟಳೆ ಹೊರಡಿಸಿದ ಮೇಲೆ ಊರಿನ ಭಾಷೆಗೆ ಬಾಗಿಲು ತೆರೆಯಿತು. ಪ್ರೊಟೆಸ್ಟೆಂಟರ ಕಡೆ ದಾರಿ ಬೇರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ನಿಘಂಟಿನಿಂದ ಹೆಸರಾದ ಕಿಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ಜರ್ಮನಿಯವರಾದ ಅವರು ಕನ್ನಡದ ಮಟ್ಟು ಕಲಿತರು. ನಾವು ಕೆಲವರು ಈಗ ಕೀಬೋರ್ಡ್ ಇಲ್ಲದೆ ಹಾಡುವುದನ್ನೇ ಮರೆತಿದ್ದೇವೆ, ಅದು ಬೇರೆ ಮಾತು.

ಇನ್ನೊಂದು ಅನುಮಾನವೂ ಬರುತ್ತದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಲು ಯೇಸುವೇ ಹೇಳಲಿಲ್ಲವೇ? ಹೇಳಿದ್ದಾರೆ. ಬೀದಿಮೂಲೆಯಲ್ಲಿ ನಾಲ್ಕು ಜನ ನೋಡಲೆಂದೇ ನಿಂತು ಪ್ರಾರ್ಥಿಸುವವರನ್ನು ಕುರಿತು ಬಂದ ಮಾತದು. ಗರಿಗಳ ಭಾನುವಾರದ ಕಥೆಯಲ್ಲಿ, ಶಿಷ್ಯರ ಬಾಯಿ ಮುಚ್ಚಿಸಿ ಎಂದವರಿಗೆ ಅವರು ಕೊಟ್ಟ ಉತ್ತರ ನೋಡಿ: ಇವರು ಸುಮ್ಮನಾದರೆ ಕಲ್ಲುಗಳು ಕೂಗುತ್ತವೆ ಎಂದು. ರಾಮನಗರದ ಬಂಡೆಗಳ ನಡುವೆ ಬೆಳೆದ ನಮಗೆ ಇದು ಸಣ್ಣ ಎಚ್ಚರಿಕೆಯಲ್ಲ! ಆದರೆ ಬಹಿರಂಗವಾಗಿ ಹಾಡುವುದಕ್ಕೂ ಬೀದಿಗೆ ಸ್ಪೀಕರ್ ತಿರುಗಿಸುವುದಕ್ಕೂ ವ್ಯತ್ಯಾಸವಿದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದ್ದರೆ ನಮ್ಮ ಗಂಟಲೇ ಸಾಕು.

ಮುಂದಿನ ವಾರ ಬಂದಾಗ ಒಂದು ಸಾಲು ಮುಂದೆ ಕೂರಿ, ಹಾಡು ಬಲ್ಲ ಅಜ್ಜಿಯೊಬ್ಬರ ಪಕ್ಕ. ಚರಣ ಬರದಿದ್ದರೆ ಬಿಡಿ, ಪಲ್ಲವಿ ಬಂದಾಗ ಸೇರಿಕೊಳ್ಳಿ. ಶ್ರುತಿ ತಪ್ಪಿದರೆ ಅಜ್ಜಿ ಒಮ್ಮೆ ತಿರುಗಿ ನೋಡಬಹುದು, ಅಷ್ಟೇ.